ಎರಡೂ ತುದಿಗೆ ಪ್ಲಗ್ಗು

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರಿಗೆ, ತಾನು ಅರ್ಧ ಎಂಜಿನಿಯರ್ ಎಂಬ ಭ್ರಮೆ. ಉಳಿದರ್ಧ ಎಲ್ಲಿ ಬಿಟ್ಟು ಬಂದರೋ ಗೊತ್ತಿಲ್ಲ. ಜನರೇಟರ್ ತಂದವರು ಎಲೆಕ್ಟ್ರಿಷಿಯನ್ನನ್ನು ಕರೆಯಲಿಲ್ಲ. ಎರಡೂ ತುದಿಗೆ ಪ್ಲಗ್ಗಿರುವ ವೈರೊಂದನ್ನು ತಾವೇ ಮಾಡಿಕೊಂಡರು. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಮೇನ್ ಸ್ವಿಚ್ ಆಫ್ ಮಾಡದಿದ್ದರೆ ಆ ಕರೆಂಟು ಮೀಟರ್ ದಾಟಿ ಕಂಬದ ತಂತಿಗೂ ಹೋಗುತ್ತದೆ ಎಂದು ನಾನು ಹೇಳಿದ್ದೆ. "ನೀನು ಒಲೆ ಮೇಲಿಟ್ಟ ಹಾಲು ನೋಡ್ಕೊ" ಅಂದರು.

ಕಳಸದ ಕಡೆ ಲೈನ್ ಮೇಲೆ ಮರ ಬಿದ್ದರೆ ಕಡಿದು ಬಿಡಿಸಿಕೊಡುವುದು ತೋಟದವರೇ. ಒಬ್ಬ ಲೈನ್‌ಮನ್ ಎಷ್ಟು ಊರು ಸುತ್ತಿಯಾನು? ಆ ಮಧ್ಯಾಹ್ನ ನಮ್ಮ ಮನೆಗೂ ಭಾವನ ಮನೆಗೂ ಬರುವ ತಂತಿಯ ಮೇಲೆ ಸಿಲ್ವರ್ ಓಕ್ ಉರುಳಿತು. ತಂತಿ ತುಂಡಾಗಿ ಕಾಫಿ ಗಿಡಗಳ ಮೇಲೆ ಬಿತ್ತು. ಲೈನ್‌ಮನ್ ಬಂದು ಟ್ರಾನ್ಸ್‌ಫಾರ್ಮರಿನಲ್ಲಿ ಆಫ್ ಮಾಡಿ, ಸಂಸೆ ಕಡೆ ಮುರಿದ ಕಂಬ ನೋಡಲು ಹೋದ. ನನ್ನ ಗಂಡ ಕತ್ತಿ ಹಿಡಿದು ತೋಟಕ್ಕಿಳಿದರು.

ಸ್ವಲ್ಪ ಹೊತ್ತಿಗೆ ನಮ್ಮ ಅಡುಗೆಮನೆಯ ಬಲ್ಬು ಮಂಕಾಗಿ ಹೊತ್ತಿಕೊಂಡಿತು. ಲೈನ್ ಆಫ್ ಆಗಿದೆ, ಹಾಗಾದರೆ ಇದು ಭಾವನ ಜನರೇಟರಿನ ಕರೆಂಟು. ಪಕ್ಕದಲ್ಲೇ ಭಾವನ ಮನೆ, ಓಡಿದೆ. ಅವರು ಕಾಲ ಮೇಲೆ ಕಾಲು ಹಾಕಿಕೊಂಡು ಕ್ರಿಕೆಟ್ ನೋಡುತ್ತಿದ್ದರು. ಒಂದು ಮಾತೂ ಆಡದೆ ಹಿಂದಿನ ಶೆಡ್ಡಿಗೆ ನುಗ್ಗಿ ಜನರೇಟರ್ ನಿಲ್ಲಿಸಿದೆ.

"ಎಂತ ಮಾಡಿದೆ ಮಾರಾಯ್ತಿ? ಕೊನೇ ಓವರ್ ಇತ್ತು."

"ನಿಮ್ಮ ತಮ್ಮ ತಂತಿ ಹತ್ರ ಇದಾರೆ."

"ಓ, ಮೇನ್ ಆಫ್ ಮಾಡೋದು ಮರ್ತುಹೋಯ್ತು, ಅಷ್ಟೆ."

ಅಷ್ಟೆ. ಸಾರಿಗೆ ಉಪ್ಪು ಮರೆತವರೂ ಇದಕ್ಕಿಂತ ಹೆಚ್ಚು ನಾಚುತ್ತಾರೆ. ತೋಟಕ್ಕೆ ಓಡಿದೆ.

ನನ್ನ ಗಂಡ ಬಿದ್ದ ಮರದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕಂಡ ತಕ್ಷಣ ನನಗೆ ಅಳು ಬಂತು. ವಿಷಯ ಹೇಳಿದೆ. ಅವರು ನಕ್ಕರು. ಅಣ್ಣನ ತಮ್ಮನೇ ತಾನೆ.

"ಕರೆಂಟೆಲ್ಲಿತ್ತು? ತಂತಿ ಕೈಲೇ ಎಳೆದು ಪಕ್ಕಕ್ಕೆ ಹಾಕ್ದೆ."

"ಯಾವಾಗ?"

"ಈಗ. ನೀನು ಅಣ್ಣನ ಅಂಗಳ ಇಳಿದು ಬರೋದು ಕಂಡ್ತಲ್ಲ, ಆಗ."

ನಾನೂ ಅವರ ಪಕ್ಕ ಮರದ ಮೇಲೆ ಕೂತೆ. ಟಿವಿ ಮುಂದೆ ನಿಂತು ಭಾವನ ಜೊತೆ ಮೊದಲು ಜಗಳ ಆಡಿದ್ದರೆ, ಶೆಡ್ಡಿಗೆ ಆಮೇಲೆ ಹೋಗಿದ್ದರೆ, ಆ ಕೈಯಲ್ಲಿ ಈಗ ಸುಣ್ಣದ ಡಬ್ಬಿ ಇರುತ್ತಿರಲಿಲ್ಲ.