ನೀರುಗಂಟಿಯ ಮುಂದೆ ಏಳದ ಕೈ

ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡುತ್ತೇನೆ ಎಂದಾಗ ನಮ್ಮಪ್ಪ, ಅದನ್ನು ಓದಿದವರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದ್ದರು. ನನಗೂ ಗೊತ್ತಿರಲಿಲ್ಲ. ಮಳವಳ್ಳಿ ಕಡೆಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ನಮ್ಮಂಥವರ ಹಣೆಯಲ್ಲಿ ಓದು ಬರೆದಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ರಜೆಯಲ್ಲಿ ಕಬ್ಬಿನ ಸೋಗೆ ಹೊತ್ತು, ಬಸ್ಸಿನಲ್ಲಿ ನಿಂತು ಓದಿ, ಆ ಮಾತನ್ನು ನಾನೇ ಅಳಿಸಿದೆ. ಈಗ ಮದ್ದೂರಿನ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಆಪ್ತಸಮಾಲೋಚನೆ ನನ್ನ ಕೆಲಸ.

ಹೋದ ವರ್ಷ ನಾಟಿಗೆ ಮುಂಚೆ ಹೊಳಲಿನ ಹೆಣ್ಣುಮಗಳೊಬ್ಬಳು ಒಬ್ಬಳೇ ಬಂದಳು. ಗಂಡ ಹೊಡೆದು ಕಿವಿ ಊದಿತ್ತು, ತವರು ಸೇರಿದ್ದಳು. ಅವನು ಊರದೇವತೆಯ ಮುಂದೆ ಕರ್ಪೂರ ಆರಿಸಿ ಆಣೆ ಮಾಡಿದರೆ ಕಳಿಸುತ್ತೇವೆ ಎಂದು ಮನೆಯ ಹಿರಿಯರು ಮಾತು ಕೊಟ್ಟಾಗಿತ್ತು. ಅವನೂ ಒಪ್ಪಿದ್ದ. ಅವಳು ನನ್ನನ್ನು ಕೇಳಿದ್ದು ಒಂದೇ: "ಆಣೆ ಮಾಡುದ್ರೆ ಬದಲಾಯ್ತಾನಾ?"

ಅವನನ್ನು ನೋಡದೆ ಹೇಳಲಾರೆ ಎಂದೆ.

ಮುಂದಿನ ವಾರ ಅವನು ಬಂದ. ಗಟ್ಟಿ ಆಳು, ಮಾತೂ ಗಟ್ಟಿ. "ನಮ್ ತಾತ ಹಿಂಗೇ, ನಮ್ಮಪ್ಪ ಹಿಂಗೇ. ನಮ್ದು ಮುಂಗೋಪದ ವಂಸ ಕಣವ್ವ. ಕ್ವಾಪ ಬಂದ್ರೆ ಕೈ ತಾನಾಗೇ ಎದ್ದೋಯ್ತದೆ. ನಾನೇನ್ ಮಾಡ್ಲಿ?"

ನಾನು ಓದಿದವಳ ತಪ್ಪು ಮಾಡಿದೆ. ಕುಡುಗೋಲನ್ನು ಯಾತಕ್ಕೆಂದು ಮೊದಲೇ ಯೋಚಿಸಿ ಮಾಡುತ್ತಾರೆ, ಮನುಷ್ಯ ಹಾಗಲ್ಲ, ಮಾಡುತ್ತ ಮಾಡುತ್ತ ತನ್ನನ್ನು ತಾನೇ ರೂಪಿಸಿಕೊಳ್ಳುತ್ತಾನೆ ಎಂದು ಅರ್ಧ ಗಂಟೆ ಪಾಠ ಹೇಳಿದೆ. ಅವನು ಮರ್ಯಾದೆಯಿಂದ ಕೇಳಿ, ಇದೆಲ್ಲ ಪರೀಕ್ಷೆಗೆ ಬರುತ್ತದಾ ಎಂದು ವಿಚಾರಿಸಿದ.

ಪೆನ್ನು ಕೆಳಗಿಟ್ಟು ಗದ್ದೆಯ ಸಮಾಚಾರ ಕೇಳಿದೆ. ಅಲ್ಲಿ ಬಾಯಿ ಬಿಟ್ಟ. ನಾಲೆಯ ಕಟ್ಟಕಡೆಯ ಗದ್ದೆ ಅವನದು. ನೀರು ಬಿಡುವ ನೀರುಗಂಟಿ ಮೇಲಿನವರಿಗೆಲ್ಲ ತಿರುಗಿಸಿ, ಇವನ ಸರದಿ ಬರುವಷ್ಟರಲ್ಲಿ ತೂಬು ಮುಚ್ಚುತ್ತಿದ್ದ. ಎರಡು ಸಲ ಸಸಿ ಬೆಳೆಸುವ ಒಟ್ಲು ಒಣಗಿ ಪೈರು ಹೋಯಿತು. ಇವನು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡೇ ನೀರುಗಂಟಿಗೆ ಬೀಡಿ ಕೊಟ್ಟು, ನಗುತ್ತ ನಿಲ್ಲುತ್ತಿದ್ದನಂತೆ.

"ಆ ನೀರುಗಂಟಿಗೆ ಎಷ್ಟು ಸಲ ಹೊಡ್ದಿದ್ದೀರಿ?" ಎಂದೆ.

ಹುಚ್ಚಿಯನ್ನು ನೋಡುವಂತೆ ನನ್ನನ್ನು ನೋಡಿದ. "ಅವನ್ಗೆ ಒಡುದ್ರೆ ನೀರು ಬುಡ್ತಾನಾ?"

"ಹಂಗಾದ್ರೆ ಕೈ ತಾನಾಗೇ ಏಳಲ್ಲ. ಎಲ್ಲಿ ಏಳ್ಬೇಕು ಅಂತ ನೀವು ನೋಡ್ಕೊಂಡೇ ಎತ್ತುತ್ತೀರಿ."

ಕೆಳಗಿನ ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು ಕೇಳುತ್ತಿತ್ತು. ಅವನು ಎದ್ದು ಮೆಟ್ಟಿಲವರೆಗೆ ಹೋದ. ಹೋಗಿಯೇಬಿಟ್ಟ ಎಂದುಕೊಂಡೆ. ತಿರುಗಿ ಬಂದು ಕೂತು, ಆಣೆ ಮಾಡಿಬಿಡುತ್ತೇನೆ ಎಂದ. ಬೇಡ ಎಂದೆ. ವಂಶದ ಮೇಲೆ ಹಾಕಿದ್ದನ್ನು ಈಗ ದೇವಿಯ ಮೇಲೆ ಹಾಕುತ್ತೀರಿ, ಅಷ್ಟೇ. ಹೊಡೆದವನೂ ನೀವು, ಹೊಡೆಯದೆ ಇರಬೇಕಾದವನೂ ನೀವು.

ಅವಳು ಕರೆದಳೆಂದು ಹೊಳಲಿನ ಅವಳ ತವರಿಗೆ ನಾನೂ ಹೋಗಿದ್ದೆ. ಜಗಲಿಯ ತುಂಬ ಹಿರಿಯರು, ಗುಡಿಗೆ ಒಯ್ಯಲು ತಟ್ಟೆಯಲ್ಲಿ ಕರ್ಪೂರ ಸಿದ್ಧವಿತ್ತು. ಅವನು ಅದನ್ನು ಮುಟ್ಟಲಿಲ್ಲ.

"ಕೈ ಎದ್ದಿದ್ದಲ್ಲ. ಒಡ್ದೋನು ನಾನು," ಎಂದ. "ಇವಳು ತಿರುಗ್ಸಿ ಒಡಿಯಾಕಿಲ್ಲ ಅಂತ ಗೊತ್ತಿತ್ತು, ಅದ್ಕೇ ಒಡ್ದೆ."

ಅವಳ ದೊಡ್ಡಪ್ಪ, ಇದಕ್ಕಿಂತ ಆಣೆಯೇ ವಾಸಿಯಿತ್ತು ಎಂದು ನನ್ನತ್ತ ಕಣ್ಣು ಬಿಟ್ಟರು. ಅಷ್ಟರಲ್ಲಿ ಬಾಗಿಲ ಬಳಿಯಿಂದ ಅವಳೇ ಮಾತಾಡಿದಳು.

"ಇವತ್ತು ಬರಾಕಿಲ್ಲ. ನೀರು ಬರ್ದೇ ಇರೋ ದಿನ ನೀನು ಹೆಂಗಿರ್ತೀಯ ಅಂತ ನೋಡ್ಬೇಕು. ಆಮ್ಯಾಕೆ ನಾನೇ ಯೋಳ್ತೀನಿ."

ಎಲ್ಲರೂ ನನ್ನ ಮುಖ ನೋಡಿದರು. ಅವನಿಗೊಂದು ನ್ಯಾಯ, ಅವಳಿಗೊಂದು ನ್ಯಾಯ ನನ್ನ ಓದಿನಲ್ಲಿಲ್ಲ; ಹೊಡೆತ ಅವನದಾದರೆ ತೀರ್ಮಾನ ಅವಳದು ಎಂದೆ. ಅವನು ಚಪ್ಪಲಿ ಮೆಟ್ಟಿಕೊಂಡು, ಕಾಯುತ್ತೇನೆ ಎಂದು ಹೇಳಿ ಹೊರಟ. ಕರ್ಪೂರವನ್ನು ಅವಳ ತಾಯಿ ಒಳಗೆ ತೆಗೆದಿಟ್ಟರು.

ನಾಟಿ ಮುಗಿದ ಮೇಲೆ ಅವಳು ಫೋನು ಮಾಡಿದ್ದಳು. ಹಗಲು ಗಂಡನ ಊರಿಗೆ ಹೋಗಿ ಗದ್ದೆ ನೋಡಿ, ಸಂಜೆಯ ಬಸ್ಸಿಗೆ ತವರಿಗೆ ವಾಪಸು ಬಂದಳಂತೆ. ಇನ್ನೂ ನೋಡುತ್ತಿದ್ದೇನೆ ಎಂದಳು. ಎಲ್ಲಿಯವರೆಗೆ ಎಂದು ನಾನು ಕೇಳಲಿಲ್ಲ.