ಬೈರಕೂರಿನ ಮದುವೆಯ ಪ್ಲೇಟು

ಮಾಲೂರಿನಲ್ಲಿ ಹೆಂಚಿನ ಫ್ಯಾಕ್ಟರಿಗಳು ಹೊಗೆಯಾಡುತ್ತಿದ್ದ ಕಾಲದಲ್ಲಿ, ಅವುಗಳ ನಡುವೆ ಒಂದು ತಗಡಿನ ಶೆಡ್ಡಿನಲ್ಲಿ ಹಾಡಿನ ಪ್ಲೇಟುಗಳನ್ನೂ ಒತ್ತುತ್ತಿದ್ದರು ಎಂದರೆ ಈಗಿನವರು ನಂಬುವುದಿಲ್ಲ. ಒತ್ತುತ್ತಿದ್ದವರು ಟೇಕಲ್ಲಿನ ಕದಿರೇಶಪ್ಪ. ವಯಸ್ಸು ಎಪ್ಪತ್ತು ದಾಟಿದೆ. ಬಲಗೈ ಎಡಗೈಗಿಂತ ದಪ್ಪ. ಪ್ರೆಸ್ಸಿನ ಹಿಡಿ ಎಳೆದು ಎಳೆದು ಹಾಗಾಗಿದೆ.

ಅವರ ಅಪ್ಪನಿಗೆ ಟೇಕಲ್ ಬೆಟ್ಟದ ಕೆಳಗೆ ರಾಗಿ ಹೊಲ ಇತ್ತು, ಮಕ್ಕಳೂ ಬಹಳ ಇದ್ದರು. ಮೀಸೆ ಮೂಡುವ ಮೊದಲೇ ಕದಿರೇಶ ರೈಲು ಹತ್ತಿ ಮಾಲೂರಿಗೆ ಬಂದು ಹೆಂಚಿನ ಕೆಲಸಕ್ಕೆ ಸೇರಿದರು. ಮಣ್ಣಿನ ಮುದ್ದೆಯನ್ನು ಅಚ್ಚಿನ ಮೇಲಿಟ್ಟು ಹಿಡಿ ಎಳೆಯುವುದು, ಅಂಚಿನಲ್ಲಿ ಉಕ್ಕಿದ್ದನ್ನು ಕೊಯ್ಯುವುದು, ಹಲಗೆಗೆ ಜೋಡಿಸುವುದು. ಹತ್ತು ವರ್ಷ ಅದನ್ನೇ ಮಾಡಿದರು. ಒಮ್ಮೆ ಫ್ಯಾಕ್ಟರಿಯ ಲಾರಿಯಲ್ಲಿ ಬೆಂಗಳೂರಿಗೆ ಹೆಂಚು ಇಳಿಸಲು ಹೋದಾಗ, ಒಂದು ಗುಜರಿಯಲ್ಲಿ ಮಳೆಗೆ ತುಕ್ಕು ಹಿಡಿಯುತ್ತಿದ್ದ ಪ್ರೆಸ್ ಕಣ್ಣಿಗೆ ಬಿತ್ತು. ನೋಡಲು ಹೆಂಚಿನ ಪ್ರೆಸ್ಸಿನ ತಮ್ಮನಂತಿತ್ತು. ಏನು ಒತ್ತುವುದಕ್ಕೆ ಎಂದು ಕೇಳಿದರೆ, ಗುಜರಿಯವನು ಗ್ರಾಮಫೋನ್ ಪ್ಲೇಟು ಎಂದ. ಮಣ್ಣಿನ ಬದಲು ಕರೀ ಪ್ಲಾಸ್ಟಿಕ್ಕಿನ ಉಂಡೆ. ಕೆಳಗಿನಿಂದ ಹಬೆ ಕೊಟ್ಟು ಮೆತ್ತಗೆ ಮಾಡಿ, ಒತ್ತಿ, ತಣ್ಣೀರು ಹರಿಸಿ ಗಟ್ಟಿ ಮಾಡುವುದು, ಅಷ್ಟೇ. ಕದಿರೇಶ ಊರಿಗೆ ಬಂದವರು ಒಂದು ವಾರ ಅದನ್ನೇ ಮಾತಾಡಿದರು. ಹೆಂಡತಿ ಶಾಮಲಮ್ಮ ಕೇಳಿ ಕೇಳಿ ಸಾಕಾಗಿ, ತವರಿನಲ್ಲಿ ಕೊಟ್ಟಿದ್ದ ಹಸುವನ್ನು ಮಾರಿಸಿ ಆ ಪ್ರೆಸ್ಸು ತರಿಸಿದರು.

ಹಾಡು ಹಿಡಿಯುವ ಕೆಲಸಕ್ಕೆ ಕೋಲಾರದ ಅಮರನಾಥ್ ಜೊತೆಯಾದರು. ಅವರು ರೇಡಿಯೊ ರಿಪೇರಿಯವರು. ಒಂದು ದೊಡ್ಡ ಟೇಪು, ಎರಡು ಮೈಕು ಇಟ್ಟುಕೊಂಡಿದ್ದರು. ಶೆಡ್ಡಿನ ಒಂದು ಮೂಲೆಗೆ ಗೋಣಿಚೀಲ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಯ ಹಳೇ ಚಾಪೆಗಳನ್ನು ಹೊಡೆದು ಸ್ಟುಡಿಯೊ ಎಂದರು. ಅಲ್ಲಿ ಹಿಡಿದ ಹಾಡಿನ ಟೇಪು ಮದರಾಸಿಗೆ ಹೋಗಿ ಲೋಹದ ಅಚ್ಚಾಗಿ ವಾಪಸು ಬರುತ್ತಿತ್ತು. ಆ ಅಚ್ಚಿನಿಂದ ಕದಿರೇಶ ಪ್ಲೇಟು ಒತ್ತುತ್ತಿದ್ದರು, ಶಾಮಲಮ್ಮ ಅಂಚು ಕತ್ತರಿಸುತ್ತಿದ್ದರು. ಬಾಗಿಲ ಮೇಲೆ ಬೋರ್ಡು: ‘ನಿಮ್ಮ ಹಾಡು, ನಮ್ಮ ಪ್ಲೇಟು’. ದೊಡ್ಡ ಕಂಪನಿಗಳು ಕರೆಯದವರೆಲ್ಲ ಇಲ್ಲಿಗೆ ಬಂದರು. ಮುಳಬಾಗಿಲಿನ ಭಜನೆಯವರು, ಶ್ರೀನಿವಾಸಪುರದ ನಾಟಕದವರು, ಮಗಳು ಪ್ರಾರ್ಥನೆ ಹಾಡಿದ್ದನ್ನು ನೆಂಟರಿಗೆಲ್ಲ ಕೇಳಿಸಬೇಕೆಂಬ ಮೇಷ್ಟ್ರು. ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಾಗ ಪ್ಲೇಟು ಸರಿಯಾಗಿ ತಣ್ಣಗಾಗದೆ ಹಪ್ಪಳದಂತೆ ಸೊಟ್ಟಗಾಗುತ್ತಿತ್ತು. ಆಗ ಮಳೆ ಬರುವವರೆಗೆ ಕಾಯಿರಿ ಎನ್ನುತ್ತಿದ್ದರು. ಜನ ಕಾಯುತ್ತಿದ್ದರು.

ಎಂಬತ್ತೊಂದರಲ್ಲಿ ಬೈರಕೂರಿನಿಂದ ಕೋದಂಡರಾಮಪ್ಪ ಬಂದರು. ಮಾವಿನ ತೋಟದವರು, ಎತ್ತರದ ಆಳು, ದೊಡ್ಡ ಗಂಟಲು. ಒಬ್ಬಳೇ ಮಗಳು ಬೈರಮ್ಮನನ್ನು ಆವನಿ ಎಂಬ ಊರಿಗೆ ಕೊಡುವುದು ನಿಶ್ಚಯವಾಗಿತ್ತು. ಮಗಳನ್ನು ಕಳಿಸಿಕೊಡುವ ಹಾಡೊಂದನ್ನು ಅವರೇ ಕಟ್ಟಿದ್ದರು. ಇನ್ನೊಂದು ಮಗ್ಗುಲಿಗೆ ಮಾವಿನ ಜಾತಿಗಳ ಹಾಡು. ಮದುವೆಗೆ ಬಂದವರಿಗೆಲ್ಲ ತಾಂಬೂಲದ ಜೊತೆ ಒಂದೊಂದು ಪ್ಲೇಟು ಕೊಡಬೇಕು ಎಂಬುದು ಅವರ ಆಸೆ.

ಹಾಡಿಸಿ ನೋಡಿದಾಗ ಅಮರನಾಥರ ಮುಖ ಇಳಿಯಿತು. ಕೋದಂಡರಾಮಪ್ಪನವರ ರಾಗ ಹೊರಟ ಕಡೆ ತಲುಪುತ್ತಿರಲಿಲ್ಲ, ತಾಳ ಅದರ ಪಾಡಿಗೆ ಬೇರೆ ದಾರಿ ಹಿಡಿಯುತ್ತಿತ್ತು. ಅಮರನಾಥ್ ಕದಿರೇಶರನ್ನು ಹೊರಗೆ ಕರೆದು, ಇದನ್ನು ಒತ್ತಿದರೆ ಕಂಪನಿಯ ಹೆಸರು ಕೆಡುತ್ತದೆ ಎಂದರು.

“ಹೆಂಚು ಒತ್ತುವಾಗ ಇದು ಯಾರ ಮನೆ ಮೇಲೆ ಕೂರತ್ತೆ ಅಂತ ನೋಡ್ಕೊಂಡು ಒತ್ತಿದ್ವಾ?” ಎಂದರು ಕದಿರೇಶ. “ಅವರು ಹಾಡ್ಲಿ ಬಿಡೋ.”

ಹಾಡಿದರು. ಕಳಿಸಿಕೊಡುವ ಹಾಡು ಅರ್ಧಕ್ಕೆ ಬಂದಿತ್ತು, ಪಕ್ಕದ ಹೆಂಚಿನ ಫ್ಯಾಕ್ಟರಿಯ ಸೈರನ್ ಕೂಗಿಕೊಂಡಿತು. ಕೋದಂಡರಾಮಪ್ಪ ಹಾಡು ನಿಲ್ಲಿಸಿ, ಆ ಸೈರನ್ನಿಗೇ ಕೈ ತೋರಿಸಿ, ತೆಲುಗಿನಲ್ಲಿ “ಉಂಡಪ್ಪಾ, ಉಂಡು” ಎಂದರು. ಇರಪ್ಪಾ, ಸ್ವಲ್ಪ ತಡಿ ಎಂದು. ಅದು ನಿಂತ ಮೇಲೆ, ಬಿಟ್ಟ ಸಾಲಿನಿಂದಲೇ ಮುಂದುವರಿಸಿದರು. ಅಮರನಾಥ್ ಇನ್ನೊಮ್ಮೆ ಹಾಡಿ ಎಂದು ಕೇಳಿಕೊಂಡರು. ಕೋದಂಡರಾಮಪ್ಪ ಒಪ್ಪಲಿಲ್ಲ. ಮಗಳನ್ನು ಎಷ್ಟು ಸಲ ಕಳಿಸುವುದು, ಒಂದು ಸಲ ಕಳಿಸಿದ್ದಾಯಿತು ಎಂದುಬಿಟ್ಟರು. ಸೈರನ್ ಸಮೇತ ಹಾಡು ಪ್ಲೇಟಾಯಿತು.

ಮದುವೆಗೆ ಮುಂಚೆಯೇ ಸುತ್ತಲ ಹಳ್ಳಿಗಳಿಗೆ ಸುದ್ದಿ ಹಬ್ಬಿತು: ಕೋದಂಡರಾಮಪ್ಪ ಮಗಳ ಮದುವೆಗೆ ಬಂದವರಿಗೆಲ್ಲ ಪ್ಲೇಟು ಕೊಡ್ತಾನಂತೆ. ಆಗ ಸ್ಟೀಲು ತಟ್ಟೆ ಮನೆಮನೆಗೂ ಬರುತ್ತಿದ್ದ ಕಾಲ. ಕರೆದವರು ಬಂದರು, ಕರೆಯದವರೂ ಬಂದರು. ಆಂಧ್ರದ ಗಡಿಯಾಚೆಯಿಂದಲೂ ಗಾಡಿ ಕಟ್ಟಿಕೊಂಡು ಬಂದರು. ಉಂಡು ಕೈತೊಳೆದು ಸಾಲಾಗಿ ನಿಂತವರ ಕೈಗೆ ಬಿದ್ದದ್ದು ನಡುವೆ ತೂತಿನ ಕರೀ ಬಿಲ್ಲೆ. ಒಬ್ಬಾಕೆ ಅದನ್ನು ತಿರುಗಿಸಿ ನೋಡಿ, ಇದರಲ್ಲಿ ಸಾರು ನಿಲ್ಲುವುದಿಲ್ಲವಲ್ಲ ಎಂದಳು. ಚಪ್ಪರ ನಗೆಯಲ್ಲಿ ಮುಳುಗಿತು. ಮೈಕಿನವನು ಪ್ಲೇಟನ್ನು ಹಚ್ಚಿದ್ದೇ ತಡ, ಗಂಡಿನ ದೊಡ್ಡಪ್ಪ ಎದ್ದು ಬಂದು, ಇದೇನು ಹಸೆ ಮುಂದೆ ಹರಾಜು ಕೂಗಿದ ಹಾಗಿದೆ ಎಂದು ಮುಳ್ಳನ್ನು ಎತ್ತಿಸಿ ಸಿನಿಮಾ ಹಾಡು ಹಾಕಿಸಿದರು.

ಮದುವೆಗೆ ಹೋಗಿದ್ದ ಕದಿರೇಶ ಇದನ್ನೆಲ್ಲ ಕಂಬಕ್ಕೆ ಒರಗಿಕೊಂಡು ನೋಡಿದರು. ಕೋದಂಡರಾಮಪ್ಪ ಯಾರ ಮೇಲೂ ರೇಗಲಿಲ್ಲ. ಉಳಿದ ಪ್ಲೇಟುಗಳನ್ನೂ ಒಬ್ಬೊಬ್ಬರ ಕೈಗೆ ಕೊಟ್ಟು, ಎಲ್ಲರಿಗೂ ನಮಸ್ಕಾರ ಹೇಳಿ ಕಳಿಸಿದರು. ಆಮೇಲೆ ಅವರು ಎಲ್ಲೂ ಹಾಡಿದ್ದನ್ನು ಯಾರೂ ಕೇಳಲಿಲ್ಲ. ಮುಂದಿನ ಹಂಗಾಮಿನಲ್ಲಿ ಕದಿರೇಶ ಆ ಕಡೆ ಹೋದಾಗ, ದಾರಿಯುದ್ದಕ್ಕೂ ಮಾವಿನ ಮರಗಳಲ್ಲಿ ಗಿಳಿ ಬೆದರಿಸಲು ತಾವು ಒತ್ತಿದ ಪ್ಲೇಟುಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟಿದ್ದರು. ಬಿಸಿಲಿಗೆ ಮಿರಮಿರ ಮಿಂಚುತ್ತ ತಿರುಗುತ್ತಿದ್ದವು. “ಚೆನ್ನಾಗಿ ತಿರುಗ್ತಿದ್ವು, ನಿಜ” ಎಂದು ಅವರು ನನಗೆ ಹೇಳಿದರು. ಹೇಳುವಾಗ ನಗಲಿಲ್ಲ.

ಕ್ಯಾಸೆಟ್ಟು ಬಂದು ಐದಾರು ವರ್ಷದಲ್ಲಿ ಪ್ಲೇಟಿನ ಕೆಲಸ ನಿಂತಿತು. ಲೋಹದ ಅಚ್ಚುಗಳು ಗುಜರಿಗೆ ಹೋದವು. ಕದಿರೇಶ ಬಸ್ ಸ್ಟ್ಯಾಂಡಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟರು, ಆಮೇಲೆ ಸಿ.ಡಿ., ಆಮೇಲೆ ಜೆರಾಕ್ಸ್. ಅಮರನಾಥ್ ತೀರಿಕೊಂಡರು. ಕೋದಂಡರಾಮಪ್ಪನವರೂ ಹೋದರು. ಪ್ರೆಸ್ಸನ್ನು ಮಾತ್ರ ಶಾಮಲಮ್ಮ ಮಾರಲು ಬಿಡಲಿಲ್ಲ. ಅದು ನನ್ನ ಹಸು ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಕೋಲಾರದ ಚಂದನ ಎಂಬ ಹುಡುಗಿ ಹಳೇ ಪ್ಲೇಟು ಹುಡುಕಿಕೊಂಡು ಸಂತೆ ಸಂತೆ ಅಲೆಯುವಾಗ ಆ ಪ್ಲೇಟೊಂದು ಅವಳ ಕೈಗೆ ಸಿಕ್ಕಿತು. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ಸಂಗೀತದ ಹುಚ್ಚು. ಚೀಟಿ ಸವೆದು ಹಾಡಿದವರ ಹೆಸರು ಹೋಗಿತ್ತು, ‘ಮಾಲೂರು’ ಅಂತ ಮಾತ್ರ ಉಳಿದಿತ್ತು. ಸೈರನ್ ಬರುವ ತುಣುಕನ್ನು ಅವಳು ‘ಯಾರೋ ಹಳ್ಳಿಯವರು’ ಎಂದು ಬರೆದು ಫೋನಿಗೆ ಹಾಕಿದಳು. ಅದು ಹತ್ತಿಕೊಂಡಿತು. ಸಾವಿರಾರು ಜನ ನಕ್ಕರು. ತೆಲುಗು ಬಾರದವರು, ಪಾಪ ಹಾಡ್ತಾ ಹಾಡ್ತಾ ಊಟಕ್ಕೆ ಎದ್ದ ಎಂದು ಅರ್ಥ ಮಾಡಿಕೊಂಡು ಇನ್ನಷ್ಟು ನಕ್ಕರು.

ಶಾಮಲಮ್ಮನ ಫೋನಿಗೂ ಅದು ಬಂತು. ಕದಿರೇಶಪ್ಪ ಮೊದಲು ಗುರುತಿಸಿದ್ದು ಸೈರನ್ನನ್ನು. ಆ ಫ್ಯಾಕ್ಟರಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅವರು ಕೂತಲ್ಲಿಂದ ಏಳಲಿಲ್ಲ. ಆವತ್ತು ಒಂದು ಊರು ನಕ್ಕಿತ್ತು, ಈಗ ಲೋಕವೇ ನಗುತ್ತಿದೆ ಎಂದರಂತೆ. ಆ ಮಾತಿನ ನೋವು ಆರುವ ಮುಂಚೆಯೇ ಚಂದನ ವಿಳಾಸ ವಿಚಾರಿಸಿಕೊಂಡು ಶೆಡ್ಡಿನ ಬಾಗಿಲಿಗೇ ಬಂದಳು. ಅವಳಿಗೆ ಗೇಲಿ ಮಾಡುವ ಉದ್ದೇಶ ಇರಲಿಲ್ಲ. ಈಗ ಮತ್ತೆ ಪ್ಲೇಟು ಕೇಳುವವರು ಹುಟ್ಟಿಕೊಂಡಿದ್ದಾರೆ, ಈ ಹಾಡನ್ನು ಇದೇ ಪ್ರೆಸ್ಸಿನಲ್ಲಿ ಮತ್ತೆ ಒತ್ತಿಕೊಡಿ ಎಂದು ಕೇಳಲು ಬಂದಿದ್ದಳು.

“ಹಾಡು ನಂದಲ್ಲಮ್ಮ” ಎಂದರು ಕದಿರೇಶಪ್ಪ. “ಹಾಡಿದವರ ಮಗಳು ಆವನೀಲಿದ್ದಾರೆ, ಹೋಗಿ ಕೇಳೋಣ. ಅವರು ಬೇಡ ಅಂದ್ರೆ ಫೋನಿಗೆ ಹಾಕಿದ್ದನ್ನೂ ತೆಗೀಬೇಕು ನೀನು.”

ಆವನಿಯಲ್ಲಿ ಬೈರಮ್ಮ ರೇಷ್ಮೆ ಮನೆಯಲ್ಲಿದ್ದರು. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಸಿದಿದ್ದವು. ಸೊಪ್ಪು ಹಾಕುವುದನ್ನು ನಿಲ್ಲಿಸುವಂತಿರಲಿಲ್ಲ. ಬಂದವರಿಗೆ ಬಾಗಿಲಲ್ಲೇ ಕುಳಿತುಕೊಳ್ಳಲು ಹೇಳಿ, ಬೆನ್ನು ಹಾಕಿ ಸೊಪ್ಪು ಹರಡುತ್ತಲೇ ಕೇಳಿಸಿಕೊಂಡರು. ಆಮೇಲೆ, ತಿರುಗದೆಯೇ ಹೇಳಿದರು: ಮೊಮ್ಮಗಳು ಮಾನಸ ಆ ತುಣುಕನ್ನು ಫೋನಿನ ರಿಂಗಿಗೇ ಇಟ್ಟುಕೊಂಡಿದ್ದಾಳೆ, ಅದು ತನ್ನ ಮುತ್ತಾತ ಎಂದು ಅವಳಿಗೆ ಗೊತ್ತಿಲ್ಲ, ತಾವೂ ಹೇಳಿಲ್ಲ. ಈ ಮನೆಗೆ ಬಂದ ಹೊಸದರಲ್ಲಿ ಅತ್ತೆ ಆ ಪ್ಲೇಟುಗಳನ್ನು ಮಜ್ಜಿಗೆ ಗಡಿಗೆಗೆ ಮುಚ್ಚುತ್ತಿದ್ದರು. ಊರಲ್ಲಿ ತಮಗೆ ಕರೀ ಪ್ಲೇಟಿನ ಸೊಸೆ ಎಂದೇ ಹೆಸರಿತ್ತು. ಬಾವಿಕಟ್ಟೆಯಲ್ಲಿ ಎಷ್ಟು ಜನರ ಜೊತೆ ಇದಕ್ಕೇ ಜಗಳವಾಡಿದ್ದಾರೋ ಲೆಕ್ಕವಿಲ್ಲ.

ಕದಿರೇಶಪ್ಪ ಎದ್ದು, ಹಾಗಾದರೆ ಬೇಡ ತಾಯಿ, ಬರ್ತೀವಿ ಎಂದರು.

“ಕೂತ್ಕೊಳಣ್ಣಾ” ಎಂದರು ಬೈರಮ್ಮ. “ನಾನು ಅದನ್ನ ಪೂರ್ತಿ ಕೇಳೇ ಇಲ್ಲ. ಆವತ್ತು ಒಳಗೆ ನಂಗೆ ಸೀರೆ ಉಡಿಸ್ತಿದ್ರು. ನಗೋದೊಂದೇ ಕೇಳಿಸ್ತು.”

ಚಂದನ ಕಾರಿನಿಂದ ಸೂಟ್‌ಕೇಸಿನಂಥ ಪ್ಲೇಯರ್ ತಂದು ಜಗಲಿಯ ಮೇಲಿಟ್ಟಳು. ಬೈರಮ್ಮ ಸೊಪ್ಪು ಹಾಕಿ ಮುಗಿಸಿ, ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು ಬಂದು ಕೂತರು. ಹಾಡು ಶುರುವಾಯಿತು. ಅತ್ತೆ ಮನೆಯ ಬಾವಿ ಬತ್ತದಿರಲಿ, ಹಟ್ಟಿಯ ಹಸು ಒದೆಯದಿರಲಿ, ಹೋಗಿ ಬಾರೆ ಬೈರಮ್ಮ ಎಂದು ಕೋದಂಡರಾಮಪ್ಪ ಗಂಟಲು ಬಿಟ್ಟು ಹಾಡುತ್ತಿದ್ದರು. ‘ಹೋಗಿ’ ಒಂದು ಶ್ರುತಿಯಲ್ಲಿ, ‘ಬಾರೆ’ ಇನ್ನೊಂದರಲ್ಲಿ. ಬೈರಮ್ಮ ಮಂಡಿಯ ಮೇಲೆ ಗಲ್ಲ ಊರಿ, ಕದಲದೆ ಕೇಳಿದರು. ಸೈರನ್ ಬಂತು. ಅವರಪ್ಪ ಅದಕ್ಕೆ ಇರಪ್ಪಾ ಎಂದರು. ಆಮೇಲೆ, ಫೋನಿನ ತುಣುಕಿನಲ್ಲಿ ಇಲ್ಲದ್ದು ಬಂತು: ಸೈರನ್ ನಿಂತ ಮೇಲೆ ಒಂದು ಉಸಿರು, ಒಂದು ಕೆಮ್ಮು, ಮತ್ತೆ ಅದೇ ‘ಹೋಗಿ ಬಾರೆ ಬೈರಮ್ಮ’, ಇನ್ನೂ ಗಟ್ಟಿಯಾಗಿ, ಇನ್ನೂ ತಪ್ಪಾಗಿ.

ಬೈರಮ್ಮನ ಭುಜ ಅಲುಗತೊಡಗಿತು. ಕದಿರೇಶಪ್ಪ ಗಾಬರಿಯಾಗಿ ಮುಳ್ಳನ್ನು ಎತ್ತಲು ಹೋದರು. ನೋಡಿದರೆ ಅವರು ನಗುತ್ತಿದ್ದರು. ತಡೆದುಕೊಳ್ಳಲಾಗದೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, ಬಹಳ ಹೊತ್ತು ನಕ್ಕರು.

“ಚೆನ್ನಾಗಿಲ್ಲ ಅಂದೋರ ಜೊತೆಯೆಲ್ಲ ಇಷ್ಟು ವರ್ಷ ಹೊಡೆದಾಡಿದೆ ಕಣಣ್ಣಾ” ಎಂದರು ಕೊನೆಗೆ. “ನಿಜವಾಗ್ಲೂ ಚೆನ್ನಾಗಿಲ್ಲ.”

ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದರು. ಈ ಸಲ ಮಾನಸಳನ್ನೂ ಒಳಗಿನಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಇದು ಯಾರು ಗೊತ್ತಾ ಎಂದು ಕೇಳಿ, ಮದುವೆಯ ಕಥೆಯನ್ನು ತಾವೇ ಹೇಳಿದರು, ಸಾರು ನಿಲ್ಲುವುದಿಲ್ಲ ಎಂದವಳ ಮಾತು ಸಮೇತ. ಹುಡುಗಿ ಬಾಯಿ ಬಿಟ್ಟುಕೊಂಡು ಕೇಳಿದಳು. ಒತ್ತಲು ಒಪ್ಪಿಗೆ ಕೊಡುವಾಗ ಬೈರಮ್ಮ ಒಂದೇ ಒಂದು ಮಾತು ಕೇಳಿದ್ದು: ಯಾರೋ ಹಳ್ಳಿಯವರು ಅಂತ ಬರೆಯಬಾರದು, ಹೆಸರು ಹಾಕಬೇಕು, ಊರು ಹಾಕಬೇಕು. ಚಂದನ ಜಗಲಿಯಲ್ಲೇ ಕೂತು ಫೋನಿನಲ್ಲಿ ಅದನ್ನು ತಿದ್ದಿದಳು. ಹಾಡನ್ನು ಪೂರ್ತಿ ಹಾಕಿದಳು. ನಗುವವರು ಆಮೇಲೂ ನಕ್ಕರು. ಕೆಲವರು, ಪೂರ್ತಿ ಕೇಳಿದ ಮೇಲೆ ತಮ್ಮಪ್ಪನಿಗೆ ಫೋನು ಮಾಡಿದೆವು ಎಂದೂ ಬರೆದರು.

ಪ್ರೆಸ್ಸನ್ನು ಎಬ್ಬಿಸುವುದು ಸುಲಭವಾಗಲಿಲ್ಲ. ಹಬೆಯ ಪೈಪುಗಳು ಒಳಗೇ ಕೊಳೆತಿದ್ದವು. ಹೊಸ ಅಚ್ಚನ್ನು ಚಂದನ ಹೊರದೇಶದಲ್ಲಿ ಮಾಡಿಸಿ ತರಿಸಿದಳು. ಕದಿರೇಶಪ್ಪ ಎಷ್ಟು ಹೊತ್ತು ಬಿಸಿ ಕೊಡಬೇಕು ಎಂಬುದನ್ನೇ ಮರೆತಿದ್ದರು. ಮೊದಲ ದಿನ ಒತ್ತಿದ್ದೆಲ್ಲ ಗುಳ್ಳೆ ಎದ್ದು ಹಾಳಾಯಿತು. ಎರಡನೇ ದಿನ ಹಿಡಿ ಎಳೆಯುವಾಗ ಬೆನ್ನು ಹಿಡಿದುಕೊಂಡು ಒಂದು ವಾರ ಮಲಗಿದರು. ಸೊಸೆ ಶಿವಾನಿ ಹಿಡಿ ಎಳೆಯಲು ನಿಂತಳು. ಶಾಮಲಮ್ಮ ಕನ್ನಡಕ ಹಾಕಿಕೊಂಡು ಅಂಚು ಕತ್ತರಿಸಲು ಕೂತರು. ಊರ ಕೆರೆಗೆ ಈಗ ಬೆಂಗಳೂರಿನಿಂದ ನೀರು ಹರಿಯುತ್ತಿರುವುದರಿಂದ ಬಾವಿಯಲ್ಲೂ ನೀರಿತ್ತು, ಒಂದೂ ಸೊಟ್ಟಗಾಗಲಿಲ್ಲ. ಬೈರಮ್ಮ ಆವನಿಯಿಂದ ಬಸ್ಸು ಹತ್ತಿ ಬಂದು ನೋಡಿಹೋದರು. ಬಿಸಿಯಾಗಿದ್ದ ಪ್ಲೇಟನ್ನು ಮುಟ್ಟಲು ಹೋಗಿ ಬೆರಳು ಸುಟ್ಟುಕೊಂಡರು.

ಅದಾದ ಮೇಲೆ ಶೆಡ್ಡಿಗೆ ಆಗಾಗ ಕೆಲಸ ಬರುತ್ತಿದೆ. ಹೆಚ್ಚೇನಿಲ್ಲ, ತಿಂಗಳಿಗೊಂದೋ ಎರಡೋ. ಹೋದ ವಾರ ನಾನು ಹೋದಾಗ ಕೆ.ಜಿ.ಎಫ್. ಕಡೆಯ ಬ್ಯಾಂಡ್‌ನ ಹುಡುಗರು ತಮ್ಮ ಪ್ಲೇಟಿಗಾಗಿ ಹೊರಗೆ ಕಾಯುತ್ತಿದ್ದರು. ನೀಲಗಿರಿ ಸೌದೆ ಹಸಿಯಾಗಿತ್ತು, ಹಬೆ ಏರುತ್ತಿರಲಿಲ್ಲ. ಕದಿರೇಶಪ್ಪ ಬಾಯ್ಲರ್ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುತ್ತಿದ್ದರು. ಶಿವಾನಿ ಒಳಗಿನಿಂದ ಗೇಜು ನೋಡಿ ಇನ್ನೂ ಸಾಲದು ಮಾವ ಎಂದಳು. ಅವರು ಇನ್ನೊಂದು ಸೌದೆ ತಳ್ಳಿದರು.