ನಿಮ್ಮ ಹೆಸರೆಲ್ಲಿ ಎಂದು ಕೇಳುವ ಪೆನ್ಸಿಲಕ್ಕ

ಬೆಳಗಿನ ಆರು ಗಂಟೆ. ನ್ಯಾಯಾಲಯದ ದೊಡ್ಡ ಬಾಗಿಲು ಇನ್ನೂ ತೆರೆದಿಲ್ಲ. ಮೆಟ್ಟಿಲಡಿಯ ಗೂಡಿನಂಥ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಪೆನ್ಸಿಲಕ್ಕ ಮೇಜು ಒರೆಸಿ, ಆರು ಪೆನ್ಸಿಲ್ ಹೆರೆದು ಸಾಲಾಗಿ ಇಡುತ್ತಾರೆ. ಕಂಪ್ಯೂಟರ್ ಇದೆ, ಪ್ರಿಂಟರ್ ಇದೆ. ಆದರೆ ಪೆನ್ಸಿಲ್ಲಿನ ಮೊನೆ ದಾಟದೆ ಯಾವ ಮನೆಯ ಕಾಗದವೂ ಕಂಪ್ಯೂಟರಿಗೆ ಹೋಗುವುದಿಲ್ಲ.

ಯಾರಾದರೂ ತೀರಿಕೊಂಡರೆ ಅವರ ಆಸ್ತಿ ಯಾರಿಗೆ ಸೇರಬೇಕೆಂದು ತಿಳಿಸುವ ವಾರಸುದಾರರ ಪಟ್ಟಿ, ಅದರ ಜೊತೆಗಿನ ಅರ್ಜಿ ಬರೆದುಕೊಡುವುದು ಇವರ ಕೆಲಸ. ಇಪ್ಪತ್ತೇಳು ವರ್ಷ ಆಯಿತು. ದಿನಕ್ಕೆ ನಾಲ್ಕೈದು ಕುಟುಂಬ. ಅತ್ತು ಕಣ್ಣು ಬತ್ತಿದವರೂ ಬರುತ್ತಾರೆ, ಹಾವು ಮುಂಗುಸಿಯಂತಾದ ಅಣ್ಣತಮ್ಮಂದಿರೂ ಬರುತ್ತಾರೆ. ತಲೆಯ ಮೇಲೆ ದಿನವಿಡೀ ಹತ್ತಿಳಿಯುವ ಕಾಲುಗಳ ಸದ್ದು. ಕೂತು ಕೂತು ಮಂಡಿ ಹಿಡಿದಿದೆ.

ಇಂದು ಮೊದಲು ಬಂದವರು ಅಣ್ಣ ತಂಗಿ. ಅಪ್ಪ ಹೋಗಿ ಎರಡು ತಿಂಗಳಾಗಿದೆ. ಹಾಸಿಗೆ ಹಿಡಿದ ಅವರನ್ನು ಒಂಬತ್ತು ವರ್ಷ ನೋಡಿಕೊಂಡವಳು ಈ ತಂಗಿ. ಕಚೇರಿಗಳಿಗೆ ಅಲೆದು ಕಾಗದ ಕೂಡಿಸಿದವಳೂ ಅವಳೇ. ಹತ್ತು ಗಂಟೆಗೆ ಅರ್ಜಿ ಒಳಗೆ ಹೋಗಬೇಕು. ಅವಳು ಬರೆದು ತಂದ ಪಟ್ಟಿಯನ್ನು ಪೆನ್ಸಿಲಕ್ಕ ಮುಟ್ಟುವುದಿಲ್ಲ.

"ಅದನ್ನ ಒಳಗಿಡಮ್ಮ. ಬಾಯಲ್ಲಿ ಹೇಳು."

"ಅಮ್ಮ, ದೊಡ್ಡಣ್ಣ, ಇವನು ಚಿಕ್ಕಣ್ಣ. ಅಷ್ಟೇ ಅಕ್ಕ."

ಪೆನ್ಸಿಲ್ ನಿಲ್ಲುತ್ತದೆ. "ಹಾಗಾದ್ರೆ ನೀನ್ಯಾರು? ಪಕ್ಕದ ಮನೆಯೋಳಾ?"

ತಂಗಿ ತಬ್ಬಿಬ್ಬಾಗುತ್ತಾಳೆ. "ಅಯ್ಯೋ, ನಾನು ಮನೇಲೇ ಇರ್ತೀನಲ್ಲ!"

"ಹೌದಲ್ಲ, ಅವಳೆಲ್ಲಿ ಹೋಗ್ತಾಳೆ?" ಎಂದು ಅಣ್ಣನೂ ದನಿಗೂಡಿಸುತ್ತಾನೆ.

"ಅವಳು ಎಲ್ಲೂ ಹೋಗಲ್ಲಪ್ಪ, ಮನೆ ಹೋಗತ್ತೆ. ನಾಳೆ ನಿಮ್ಮಲ್ಲೇ ಒಬ್ರು ಮಾರೋಣ ಅಂದ್ರೆ ಇವಳನ್ನ ಒಂದು ಮಾತು ಕೇಳೋರಿರಲ್ಲ."

ಅಣ್ಣ ತಂಗಿ ತಂದ ಪಟ್ಟಿಯನ್ನು ತೆಗೆದು ಮತ್ತೊಮ್ಮೆ ಓದುತ್ತಾನೆ.

ಎಲ್ಲರಿಗೂ ಬಡಿಸಿದವಳು ತನ್ನ ತಟ್ಟೆಯನ್ನೇ ಇಟ್ಟುಕೊಳ್ಳಲು ಮರೆಯುವುದು ನಮ್ಮ ಅಡುಗೆಮನೆಗಳಲ್ಲಿ ದಿನವೂ ನಡೆಯುತ್ತದೆ. ಈ ಮೇಜಿನ ಮೇಲೂ ಅದೇ ನಡೆಯುತ್ತದೆ. "ಹತ್ತು ಪಟ್ಟೀಲಿ ಮೂರು ಹೀಗೇ. ಬಿಟ್ಟುಹೋಗೋದು ಓಡಾಡಿದೋರ ಹೆಸರೇ. ಮೋಸ ಆದ್ರೆ ವಕೀಲರು ಹಿಡೀತಾರೆ. ಮರೆವನ್ನ ಯಾರು ಹಿಡೀಬೇಕು?" ಎನ್ನುತ್ತಾರೆ ಪೆನ್ಸಿಲಕ್ಕ.

ಆ ಮರೆವು ಅವರಿಗೂ ಗೊತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ವಕೀಲರೊಬ್ಬರ ಬಳಿ ಟೈಪ್ ಮಾಡುತ್ತಿದ್ದಾಗ ಅಪ್ಪ ತೀರಿಕೊಂಡರು. ಪಟ್ಟಿಯನ್ನು ತಾವೇ ಟೈಪ್ ಮಾಡಿದರು. ಒಂದಕ್ಷರ ತಪ್ಪಿರಲಿಲ್ಲ, ತಮ್ಮ ಹೆಸರೇ ಇರಲಿಲ್ಲ! ಅದು ಗೊತ್ತಾಗಿ, ಸರಿಪಡಿಸಲು ಹಿಡಿದದ್ದು ಹದಿನಾಲ್ಕು ತಿಂಗಳು. "ಅಮ್ಮ ಪ್ರತಿ ಸಲ ಕೋರ್ಟಲ್ಲಿ ನಿಂತು, ನನ್ನ ಗಂಡ ಸತ್ತಿದ್ದಾರೆ ಅಂತ ಹೊಸಬರಿಗೆ ಹೇಳ್ಬೇಕಿತ್ತು. ನನ್ನಿಂದ." ಅಂದಿನಿಂದ ಒಂದೇ ಕಟ್ಟಳೆ: ಮೊದಲು ಪೆನ್ಸಿಲ್, ಆಮೇಲೆ ಬಂದವರೆಲ್ಲ ತಮ್ಮ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಬೇಕು.

ತಂಗಿ ತನ್ನ ಹೆಸರು ಹೇಳುತ್ತಾಳೆ. ಪಕ್ಕದಲ್ಲಿ ಕೂತ ಅಣ್ಣನಿಗೂ ಕೇಳಿಸುವುದಿಲ್ಲ.

"ನಿಮ್ಮಪ್ಪ ಕೂಗ್ತಿದ್ರಲ್ಲ, ಅಷ್ಟು ಗಟ್ಟಿಯಾಗಿ."

ಈ ಸಲ ಹೊರಗಿನ ಸಾಲಿಗೂ ಕೇಳಿಸುತ್ತದೆ. ಅಣ್ಣ ಕಣ್ಣೊರೆಸಿಕೊಂಡು, "ಇವಳ ಹೆಸರೇ ಮೊದಲು ಹಾಕಿ" ಎನ್ನುತ್ತಾನೆ.

"ಅದೆಲ್ಲ ನಡೆಯಲ್ಲಪ್ಪ, ವಯಸ್ಸಿನ ಪ್ರಕಾರ ಬರೀಬೇಕು. ಕೊನೇಲೇ ಇರ್ಲಿ. ಇದ್ರೆ ಸಾಕು."

ಮೂವರೂ ನಗುತ್ತಾರೆ. ಪ್ರಿಂಟರ್ ಗರಗರ ಎನ್ನುತ್ತದೆ. ಬಿಸಿ ಕಾಗದವನ್ನು ಹಿಡಿದು ತಂಗಿ ನಾಲ್ಕನೆಯ ಸಾಲನ್ನು ಬೆರಳಿನಿಂದ ಸವರುತ್ತಾಳೆ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಕೇಳುತ್ತಾಳೆ: "ನಿಮಗೂ ಮಕ್ಕಳಿದ್ದಾರಾ ಅಕ್ಕ?"

"ಒಬ್ಬ ಮಗ, ಒಬ್ಬಳು ಮಗಳು. ಓಡಾಟಕ್ಕೆಲ್ಲ ಮಗಳೇ." ಪೆನ್ಸಿಲಕ್ಕ ಮೊಂಡಾದ ಪೆನ್ಸಿಲನ್ನು ಮತ್ತೆ ಹೆರೆಯತೊಡಗುತ್ತಾರೆ. "ನಾಳೆ ನಾನು ತೀರ್ಕೊಂಡ್ರೆ ನನ್ನ ಪಟ್ಟಿ ಬರೆಸೋಕೆ ಹೋಗೋಳೂ ಅವಳೇ. ಅವತ್ತು ಮೇಜಿನ ಆಚೆ ಕೂತೋರು 'ನಿನ್ನ ಹೆಸರೆಲ್ಲಮ್ಮ?' ಅಂತ ಒಂದು ಮಾತು ಕೇಳಿದ್ರೆ ನನಗಷ್ಟೇ ಸಾಕು."